ಸರ್ವೆಯವರು ಬಿಟ್ಟುಹೋದ ಕೆರೆ

1939ರಲ್ಲಿ ಲಾರಾ ಇಂಗಲ್ಸ್ ವೈಲ್ಡರ್ ಅವರ ‘ಬೈ ದ ಶೋರ್ಸ್ ಆಫ್ ಸಿಲ್ವರ್ ಲೇಕ್’ ಪ್ರಕಟವಾದಾಗ ಆ ಕೆರೆಗೆ ದಡವೇ ಉಳಿದಿರಲಿಲ್ಲ. ಅಮೆರಿಕದ ಸೌತ್ ಡಕೋಟಾ ರಾಜ್ಯದಲ್ಲಿ, ಡಿ ಸ್ಮೆಟ್ ಎಂಬ ಪುಟ್ಟ ಊರಿನ ಪಕ್ಕದಲ್ಲಿದ್ದ ಸಿಲ್ವರ್ ಲೇಕನ್ನು 1920ರ ದಶಕದಲ್ಲೇ ಬಸಿದು ಹೊಲ ಮಾಡಿಕೊಂಡಿದ್ದರು. ಲೇಖಕಿಗೆ ಆಗ ಎಪ್ಪತ್ತೆರಡು ವರ್ಷ. ಅವರು ಬರೆದದ್ದು ಅರವತ್ತು ವರ್ಷಗಳ ಹಿಂದೆ, 1879ರಲ್ಲಿ, ಹನ್ನೆರಡರ ಹುಡುಗಿಯಾಗಿ ಕಂಡ ನೀರನ್ನು. ಮಕ್ಕಳ ಪುಸ್ತಕಗಳ ಕಪಾಟಿನಲ್ಲಿ ನೆಮ್ಮದಿಯಾಗಿ ಕೂತಿರುವ ಒಂದು ಕಾದಂಬರಿಯ ಹೆಸರಿನಲ್ಲೇ ಹೀಗೊಂದು ಇಲ್ಲದ ದಡ ಇದೆ ಎಂಬುದು ಗೊತ್ತಾದ ಮೇಲೆ ನನಗೆ ಆ ಪುಸ್ತಕವನ್ನು ಮೊದಲಿನ ಹಾಗೆ ಓದಲು ಆಗಿಲ್ಲ. ಆಮೇಲೆ ಅಮೆರಿಕದ ಹುಲ್ಲುಗಾವಲಿನ ಕೆರೆಗಳ ಬಗ್ಗೆ, ಅಲ್ಲಿ ಮೀನು ಹಿಡಿಯುವವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಓದಿದಷ್ಟೂ ಒಂದೇ ಪ್ರಶ್ನೆ ಎದುರಾಗುತ್ತಿತ್ತು. ಈ ನಾಡಿನಲ್ಲಿ ದಡ ಎಂದರೆ ಏನು? ಅದನ್ನು ಎಳೆದವರು ಯಾರು?

ಕನ್ನಡದಲ್ಲಿ ಈ ಪ್ರಶ್ನೆ ಕೇಳುವಾಗ ಮೊದಲು ತೊಡಕಾಗುವುದು ‘ಕೆರೆ’ ಎಂಬ ಮಾತೇ. ನಮ್ಮ ಬಯಲುಸೀಮೆಯ ಕೆರೆಗೆ ಏರಿ ಇದೆ, ತೂಬು ಇದೆ, ಕೋಡಿ ಇದೆ. ಅದನ್ನು ಯಾರೋ ಕಟ್ಟಿಸಿದ್ದಾರೆ, ಕಟ್ಟಿಸಿದವರ ಹೆಸರು ಕೆಲವೊಮ್ಮೆ ಶಾಸನದಲ್ಲಿ ಇರುತ್ತದೆ. ನೀರು ಎಲ್ಲಿಯವರೆಗೆ ಏರಬಹುದು, ಹೆಚ್ಚಾದರೆ ಎಲ್ಲಿಂದ ಹೊರಗೆ ಹೋಗಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಮಲೆನಾಡಿನ ಕಡೆ ಬೇಸಿಗೆಯಲ್ಲಿ ನೀರಿಳಿದಾಗ ಊರಿಗೆ ಊರೇ ಕೂಣಿ ಹಿಡಿದು ಕೆರೆಬೇಟೆಗೆ ಇಳಿಯುತ್ತದಲ್ಲ, ಆಗಲೂ ಕೆರೆ ಯಾವ ಊರಿನದು ಎಂಬ ಅನುಮಾನ ಯಾರಿಗೂ ಇರುವುದಿಲ್ಲ. ಡಕೋಟಾದ ಕೆರೆಗಳು ಬೇರೆ ಜಾತಿಯವು. ಸುಮಾರು ಹತ್ತು ಹನ್ನೆರಡು ಸಾವಿರ ವರ್ಷಗಳ ಹಿಂದೆ ಹಿಮನದಿಗಳು ಹಿಂದೆ ಸರಿದಾಗ ಮಣ್ಣಿನಲ್ಲಿ ಹೂತುಹೋದ ಮಂಜಿನ ಗಡ್ಡೆಗಳು ನಿಧಾನ ಕರಗಿ ತಗ್ಗುಗಳಾದವು. ಅವುಗಳಲ್ಲಿ ಬಹಳಷ್ಟಕ್ಕೆ ಒಳಗೆ ಬರುವ ಹೊಳೆಯಿಲ್ಲ, ಹೊರಗೆ ಹೋಗುವ ಕೋಡಿಯೂ ಇಲ್ಲ. ಮಳೆ ಹಿಮ ಜಾಸ್ತಿಯಾದ ದಶಕದಲ್ಲಿ ಉಬ್ಬುತ್ತವೆ, ಬರಗಾಲದಲ್ಲಿ ಒಣಗಿ ಹುಲ್ಲಾಗುತ್ತವೆ. ಸಪಾಟಾದ ನೆಲದಲ್ಲಿ ನೀರು ಒಂದು ಅಡಿ ಏರಿದರೆ ದಡ ಎಷ್ಟೋ ದೂರ ಸರಿದಿರುತ್ತದೆ. ಏರಿಯಿಲ್ಲದ ಈ ಕೆರೆಗೆ ನಾವು ದಡ ಎನ್ನುವುದು, ಆ ವರ್ಷ ನೀರು ನಿಂತ ಜಾಗಕ್ಕೆ ಅಷ್ಟೇ.

ಮೀನಿನ ಕತೆಯೂ ಇದಕ್ಕೇ ಅಂಟಿಕೊಂಡಿದೆ. ಆಳವಿಲ್ಲದ ಕೆರೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯ ಮೇಲೆ ಹಿಮ ಬಿದ್ದು ಬೆಳಕು ಒಳಗೆ ಹೋಗದಂತಾಗುತ್ತದೆ. ನೀರಿನೊಳಗಿನ ಗಿಡಗಳು ಆಮ್ಲಜನಕ ಕೊಡುವುದನ್ನು ನಿಲ್ಲಿಸುತ್ತವೆ, ತಳದಲ್ಲಿ ಕೊಳೆಯುವ ಎಲೆಕಸ ಇದ್ದಬದ್ದದ್ದನ್ನೂ ಹೀರಿಕೊಳ್ಳುತ್ತದೆ. ವಸಂತದಲ್ಲಿ ಮಂಜು ಒಡೆದಾಗ ಸತ್ತ ಮೀನುಗಳು ತೇಲುತ್ತವೆ. ಅಲ್ಲಿಯ ಮೀನುಗಾರರು ಇದಕ್ಕೆ ‘ವಿಂಟರ್‌ಕಿಲ್’ ಎನ್ನುತ್ತಾರೆ. ಮೀನಿಲ್ಲದ ಕೆರೆಯಲ್ಲಿ ನೀರುಹುಳುಗಳು ಹೆಚ್ಚುತ್ತವೆ, ಹುಳು ಹೆಚ್ಚಿದಲ್ಲಿ ಬಾತುಗಳು ಹೆಚ್ಚುತ್ತವೆ. ಹೀಗಾಗಿ ಹುಲ್ಲುಗಾವಲಿನ ಕೆರೆ ಒಂದು ಕಾಲಕ್ಕೆ ಹಕ್ಕಿಗಳದ್ದು, ನೀರು ಆಳವಾದ ಇನ್ನೊಂದು ಕಾಲಕ್ಕೆ ಮೀನುಗಳದ್ದು. ಒಂದೇ ತಗ್ಗು ಒಬ್ಬ ಮನುಷ್ಯನ ಆಯುಷ್ಯದಲ್ಲೇ ಎರಡೂ ಆಗಬಹುದು.

ಇಷ್ಟನ್ನು ತಿಳಿದುಕೊಂಡು ವೈಲ್ಡರ್ ಅವರನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎರಡು ವರ್ಷ ಮೊದಲು, 1937ರಲ್ಲಿ ಬಂದ ‘ಆನ್ ದ ಬ್ಯಾಂಕ್ಸ್ ಆಫ್ ಪ್ಲಮ್ ಕ್ರೀಕ್’ ಕಾದಂಬರಿಯಲ್ಲಿ ಅಪ್ಪ ಹರಿಯುವ ತೊರೆಗೆ ಮರದ ಪಟ್ಟಿಗಳ ಬೋನು ಕಟ್ಟಿ ಮೀನು ಹಿಡಿಯುವ ಒಂದು ಇಡೀ ಅಧ್ಯಾಯವಿದೆ. ಅದು ಮಿನ್ನೆಸೋಟಾದ ಕತೆ. ಡಕೋಟಾಕ್ಕೆ ಬಂದ ಮೇಲೆ, ಕೆರೆಯ ಹೆಸರನ್ನೇ ಹೊತ್ತ ಪುಸ್ತಕದಲ್ಲಿ, ಮೀನು ಹೆಚ್ಚುಕಡಿಮೆ ಮಾಯವಾಗಿದೆ. ಪುಟ ತುಂಬ ಇರುವುದು ರೆಕ್ಕೆಗಳ ಸದ್ದು. ಹೆಬ್ಬಾತು, ಬಾತು, ಹಂಸ, ಹೆಜ್ಜಾರ್ಲೆ. ನನ್ನ ಮನಸ್ಸಿನಲ್ಲಿ ನಿಂತಿರುವ ಮೀನು ಒಂದೇ ಕಡೆ ಬರುತ್ತದೆ. ಅಪ್ಪ ಹೊಡೆದು ತಂದ ಹೆಜ್ಜಾರ್ಲೆಯ ಕೊಕ್ಕನ್ನು ಮನೆಯವರಿಗೆ ತೋರಿಸಲೆಂದು ಬಿಡಿಸಿದಾಗ ಅದರ ಚೀಲದಿಂದ ಸತ್ತ ಮೀನುಗಳು ಬೀಳುತ್ತವೆ. ಇದು ಬರೇ ವಿವರವಲ್ಲ ಎಂದು ನನಗೆ ಅನ್ನಿಸುತ್ತದೆ. ಸಿಲ್ವರ್ ಲೇಕಿನ ಸುತ್ತ ಬದುಕುವವರು ಕೆರೆಯಿಂದ ಮೀನು ತೆಗೆದು ಉಣ್ಣುವವರಲ್ಲ, ಹಾರುವುದನ್ನು ನೋಡುವವರು ಮತ್ತು ಹೊಡೆಯುವವರು. ಲೇಖಕಿ ಜೀವಶಾಸ್ತ್ರ ಹೇಳಲು ಹೋಗಿಲ್ಲ. ಆದರೆ ಕಂಡದ್ದನ್ನು ನಿಷ್ಠೆಯಿಂದ ಕಂಡಿದ್ದಾರೆ, ಆ ನಿಷ್ಠೆ ಆಳವಿಲ್ಲದ ಕೆರೆಯೊಂದರ ಸ್ವಭಾವವನ್ನು ಅವರಿಗೆ ಅರಿವಿಲ್ಲದೆಯೇ ದಾಖಲು ಮಾಡಿದೆ. ಈ ಸರಣಿಯ ಪುಸ್ತಕಗಳನ್ನು ಕನ್ನಡ ಅನುವಾದದಲ್ಲಿ ಓದಿ ಬೆಳೆದವರು ನಮ್ಮಲ್ಲೂ ಇದ್ದಾರೆ. ಅವರಿಗೆ ನೆನಪಿರುವುದು ಪಿಟೀಲು, ಹಿಮಪಾತ, ಕುರುಡಿಯಾದ ಅಕ್ಕ ಮೇರಿ. ಮತ್ತೆ ಓದುವಾಗ ಕೆರೆಯನ್ನೂ ಒಂದು ಪಾತ್ರವಾಗಿ ಗಮನಿಸಿ ಎಂದು ನಾನು ಹೇಳುತ್ತೇನೆ.

ಗಮನಿಸಬೇಕಾದ ಇನ್ನೊಂದು ಸಂಗತಿ ಅವರು ಚಳಿಗಾಲ ಕಳೆಯುವ ಮನೆ. ರೈಲುದಾರಿ ಹಾಕುವ ಕೂಲಿಗಳ ಶಿಬಿರ ಖಾಲಿಯಾದ ಮೇಲೆ ಇಂಗಲ್ಸ್ ಕುಟುಂಬ ಉಳಿಯುವುದು ಸರ್ವೆಯವರ ಮನೆಯಲ್ಲಿ. ಆ ಬಯಲಿನಲ್ಲಿ ಅದೊಂದೇ ಭದ್ರವಾದ ಮನೆ. ಒಳಗೆ ಒಲೆ, ಉಗ್ರಾಣದ ತುಂಬ ದಿನಸಿ. ಆ ಮನೆಯನ್ನು ಡಿ ಸ್ಮೆಟ್‌ನಲ್ಲಿ ಇಂದಿಗೂ ಕಾಪಾಡಿ ಪ್ರವಾಸಿಗರಿಗೆ ತೋರಿಸುತ್ತಾರೆ. ಹುಡುಗಿಯ ಕಣ್ಣಿಗೆ ಅದು ಅರಮನೆ. ನನ್ನ ಕಣ್ಣಿಗೆ ಅದು ಕಾದಂಬರಿಯ ಅತ್ಯಂತ ಅರ್ಥಪೂರ್ಣ ಪ್ರತಿಮೆ. ಕುಟುಂಬ ಕೆರೆಯ ದಡಕ್ಕೆ ಬರುವ ಮೊದಲೇ ನೆಲವನ್ನು ಸರಪಳಿ ಹಿಡಿದು ಅಳೆದಾಗಿದೆ. ಕತೆಯ ಕುಟುಂಬ ಬೆಚ್ಚಗಿರುವುದು ಅಳೆದವರ ಸೂರಿನ ಕೆಳಗೆ. ಅಲ್ಲಿಂದಲೇ ಅಪ್ಪ 160 ಎಕರೆಗೆ ಅರ್ಜಿ ಹಾಕಲು ಬ್ರೂಕಿಂಗ್ಸ್‌ಗೆ ಹೋಗುತ್ತಾನೆ. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಐದು ವರ್ಷ ಅಲ್ಲೇ ಬದುಕಿ ತೋರಿಸಿದರೆ ನೆಲ ಅವನದು. ಸರ್ಕಾರದೊಂದಿಗೆ ಕಟ್ಟಿದ ಬಾಜಿ ಎಂದು ಅವನು ಇದನ್ನು ತಮಾಷೆ ಮಾಡುತ್ತಾನೆ. ತನ್ನ ಕಡೆಯಿಂದ 14 ಡಾಲರ್, ಸರ್ಕಾರದ ಕಡೆಯಿಂದ 160 ಎಕರೆ. ವಸಂತ ಬಂದು ಊರು ಏಳತೊಡಗಿದಾಗ ಹಕ್ಕಿಗಳು ಕೆರೆಗೆ ಇಳಿಯದೆ ಎತ್ತರದಲ್ಲೇ ಹಾದುಹೋಗುತ್ತವೆ. ಬಂದೂಕು ಹಿಡಿದು ಹೋದ ಅಪ್ಪ ಬರಿಗೈಯಲ್ಲಿ ಬರುತ್ತಾನೆ. ವೈಲ್ಡರ್ ಇಲ್ಲಿ ವಿಷಾದಪಡುತ್ತಾರೆ, ನಿಜ. ಆದರೆ ವಿಷಾದವನ್ನು ಪ್ರಶ್ನೆಯಾಗಲು ಬಿಡುವುದಿಲ್ಲ. ಕೆರೆ ಖಾಲಿಯಾಯಿತು, ನಾವು ಹೊಲಕ್ಕೆ ಹೋದೆವು, ಕತೆ ಮುಂದೆ ಸಾಗಿತು. ಈ ಪುಸ್ತಕದ ಚೆಲುವೂ ಮಿತಿಯೂ ಇಲ್ಲೇ ಇವೆ. ನೀರನ್ನು ಇಷ್ಟು ಚೆನ್ನಾಗಿ ನೋಡಿದವರು ನೀರಿಗೂ ಒಂದು ಪಾಲಿದೆ ಎಂಬ ಕಡೆಗೆ ನೋಟ ಹರಿಸಲಿಲ್ಲ.

ಸರ್ವೆಯವರು ಇನ್ನೊಂದು ಪುಸ್ತಕದಲ್ಲಿ ನಗೆಪಾಟಲಾಗಿ ಬರುತ್ತಾರೆ. ಗ್ಯಾರಿಸನ್ ಕೀಲರ್ ರೇಡಿಯೋದಲ್ಲಿ ವಾರವಾರ ಹೇಳಿದ ಕತೆಗಳಿಂದ ಹುಟ್ಟಿದ ಊರು ಲೇಕ್ ವೋಬಿಗಾನ್. 1985ರಲ್ಲಿ ‘ಲೇಕ್ ವೋಬಿಗಾನ್ ಡೇಸ್’ ಪುಸ್ತಕವಾಗಿ ಬಂತು. ಮಿನ್ನೆಸೋಟಾದಲ್ಲಿ, ಹುಲ್ಲುಗಾವಲಿನ ಅಂಚಿನಲ್ಲಿರುವ ಈ ಕಲ್ಪಿತ ಊರು ಯಾವ ನಕ್ಷೆಯಲ್ಲೂ ಸಿಗುವುದಿಲ್ಲ. ಅದಕ್ಕೆ ಕೀಲರ್ ಕೊಡುವ ಕಾರಣ ಸೊಗಸಾಗಿದೆ. ರಾಜ್ಯವನ್ನು ಅಳೆಯಲು ನಾಲ್ಕು ತಂಡಗಳು ನಾಲ್ಕು ಮೂಲೆಗಳಿಂದ ಹೊರಟವಂತೆ. ನಡುವಿಗೆ ಬಂದಾಗ ಲೆಕ್ಕ ಕೂಡಲಿಲ್ಲ, ಒಬ್ಬರ ಅಳತೆ ಇನ್ನೊಬ್ಬರ ಮೇಲೆ ಹತ್ತಿ ಕೂತಿತು. ತಿದ್ದುವ ಗೋಜಿಗೆ ಹೋಗದೆ ಶಾಸನಸಭೆ ನಡುವಿನ ಜಿಲ್ಲೆಯನ್ನೇ ನಕ್ಷೆಯಿಂದ ಬಿಟ್ಟುಬಿಟ್ಟಿತು. ಆ ಜಿಲ್ಲೆಯ ಹೆಸರು ಮಿಸ್ಟ್, ಮಂಜು.

ಕೀಲರ್ ಅವರ ಕೆರೆಯಲ್ಲಿ ಮೀನಿದೆ, ಮೀನು ಹಿಡಿಯುವವರೂ ಇದ್ದಾರೆ. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಗುಡಿಸಲು ಹೂಡಿ, ತೂತು ಕೊರೆದು, ದಾರ ಇಳಿಬಿಟ್ಟು ಗಂಟೆಗಟ್ಟಲೆ ಮಾತಿಲ್ಲದೆ ಕೂರುವುದು ಮಿನ್ನೆಸೋಟಾ ಮತ್ತು ಡಕೋಟಾಗಳಲ್ಲಿ ನಿಜವಾಗಿಯೂ ಇರುವ ಪದ್ಧತಿ. ಗುಡಿಸಲಿಗೊಂದು ಸಣ್ಣ ಒಲೆ, ಒಂದೆರಡು ಕುರ್ಚಿ, ಈಗೀಗ ನೀರಿನಡಿ ಏನಿದೆ ಎಂದು ತೋರಿಸುವ ಸೋನಾರ್ ಪರದೆ. ಕೀಲರ್ ಕತೆಗಳ ಊರಿನವರು ಹಳೇ ಕಾರೊಂದನ್ನು ಮಂಜುಗಡ್ಡೆಯ ಮೇಲೆ ನಿಲ್ಲಿಸಿ, ಅದು ಯಾವ ದಿನ ಮುಳುಗುತ್ತದೆ ಎಂದು ಬಾಜಿ ಕಟ್ಟುತ್ತಾರೆ. ವೈಲ್ಡರ್ ಅವರ ಅಪ್ಪ ನೆಲ ನಿಲ್ಲುತ್ತದೆ ಎಂದು ಬಾಜಿ ಕಟ್ಟಿದ. ನೂರು ವರ್ಷದ ನಂತರದವರು ನೆಲದಂತೆ ಕಾಣುವುದು ಎಂದು ಕರಗುತ್ತದೆ ಎಂಬುದರ ಮೇಲೆ ಕಟ್ಟುತ್ತಾರೆ. ಇವೆರಡನ್ನು ಪಕ್ಕಪಕ್ಕ ಇಟ್ಟರೆ ಹುಲ್ಲುಗಾವಲಿನ ಮನಸ್ಸು ಎಷ್ಟು ಬದಲಾಗಿದೆ ಎಂಬುದು ತಿಳಿಯುತ್ತದೆ. ಆದರೂ ಕೀಲರ್ ಬಗ್ಗೆ ನನ್ನದೊಂದು ತಕರಾರಿದೆ. ನಕ್ಷೆಯಿಂದ ಬಿಟ್ಟುಹೋಗುವುದು ಅವರಲ್ಲಿ ಸುಖದ ಸ್ಥಿತಿ. ಸರ್ಕಾರದ ಕಣ್ಣಿಗೆ ಬೀಳದ ಊರು ತನ್ನ ಪಾಡಿಗೆ ತಾನು ಇರುತ್ತದೆ. ನಕ್ಷೆಯ ತಪ್ಪಿನಿಂದ ನಿಜವಾಗಿ ಏನನ್ನಾದರೂ ಕಳೆದುಕೊಂಡವರು ಹೀಗೆ ನಗಲಾರರು.

ಕಳೆದುಕೊಂಡವರ ಕಡೆಯಿಂದ ಬರೆದದ್ದು ಲೂಯಿಸ್ ಎರ್ಡ್ರಿಕ್ ಅವರ ‘ಟ್ರ್ಯಾಕ್ಸ್’. 1988ರ ಈ ಕಾದಂಬರಿ ನಡೆಯುವುದು ನಾರ್ತ್ ಡಕೋಟಾದ ಓಜಿಬ್ವೆ ಜನರ ನಡುವೆ, 1912ರಿಂದ 1924ರವರೆಗೆ. ನಾನಾಪುಶ್ ಎಂಬ ಮುದುಕ ಮತ್ತು ಪಾಲಿನ್ ಎಂಬ ಹುಡುಗಿ ಸರದಿಯಲ್ಲಿ ಕತೆ ಹೇಳುತ್ತಾರೆ. ಮಧ್ಯದಲ್ಲಿರುವುದು ಮ್ಯಾಚಿಮನಿಟೊ ಎಂಬ ಕಲ್ಪಿತ ಕೆರೆ, ಅದರಲ್ಲಿರುವ ಮಿಶೆಪೆಶು ಎಂಬ ನೀರಿನ ದೈವ, ದಡದಲ್ಲಿ ಒಂಟಿಯಾಗಿ ಬದುಕುವ ಫ್ಲೂರ್ ಪಿಲ್ಲೆಜರ್. ಚಿಕ್ಕವಳಿದ್ದಾಗ ಫ್ಲೂರ್ ಆ ಕೆರೆಯಲ್ಲಿ ಮುಳುಗುತ್ತಾಳೆ. ಇಬ್ಬರು ಅವಳನ್ನು ಎತ್ತಿ ಬದುಕಿಸುತ್ತಾರೆ. ಬದುಕಿಸಿದ ತಪ್ಪಿಗೆ ಇಬ್ಬರೂ ಹಾಳಾಗುತ್ತಾರೆ. ಒಬ್ಬ ಎಲ್ಲೋ ಅಲೆಯುತ್ತಾ ಹೋಗಿಬಿಡುತ್ತಾನೆ. ಇನ್ನೊಬ್ಬ ತನ್ನದೇ ಸರ್ವೆ ಗಾಡಿಯಡಿ ಸಿಕ್ಕುತ್ತಾನೆ.

ಆ ಗಾಡಿಯ ಮೇಲೆ ಕಣ್ಣು ಬಿದ್ದಾಗ ನಾನು ಓದುವುದನ್ನು ನಿಲ್ಲಿಸಿ ಕೂತೆ. ಮೂರು ಪುಸ್ತಕ, ಮೂರು ಕೆರೆ, ಮೂರರಲ್ಲೂ ಸರ್ವೆಯವನಿದ್ದಾನೆ. ಒಂದರಲ್ಲಿ ಅವನ ಮನೆ ಆಸರೆ ಕೊಡುತ್ತದೆ, ಒಂದರಲ್ಲಿ ಅವನ ಲೆಕ್ಕ ತಪ್ಪಿ ನಗೆ ಹುಟ್ಟುತ್ತದೆ, ಒಂದರಲ್ಲಿ ಕೆರೆಯೇ ಅವನನ್ನು ತೀರಿಸಿಕೊಳ್ಳುತ್ತದೆ. ಈ ಲೇಖಕರು ಮಾತಾಡಿಕೊಂಡು ಬರೆದದ್ದಲ್ಲ. ಹುಲ್ಲುಗಾವಲಿನ ನೀರಿನ ಬಗ್ಗೆ ಬರೆಯಲು ಕೂತವರು ಯಾರೇ ಆಗಲಿ, ಆ ನೀರಿನ ಸುತ್ತ ಎಳೆದ ಗೆರೆಯನ್ನು ತಪ್ಪಿಸಿಕೊಂಡು ಹೋಗಲಾರರು. ಎರ್ಡ್ರಿಕ್ ಅವರಲ್ಲಿ ಗೆರೆಗೆ ಇತಿಹಾಸವೂ ಇದೆ. 1887ರ ಡಾವ್ಸ್ ಕಾಯ್ದೆ ಮೂಲನಿವಾಸಿಗಳ ಸಾಮುದಾಯಿಕ ನೆಲವನ್ನು ಕುಟುಂಬಕ್ಕೆ 160 ಎಕರೆಯಂತೆ ತುಂಡು ಮಾಡಿತು. ಲಾರಾಳ ಅಪ್ಪನಿಗೆ ಕನಸಾಗಿದ್ದ ಅದೇ 160 ಎಕರೆ ನಾನಾಪುಶ್‌ನ ಜನರಿಗೆ ಉರುಳಾಯಿತು. ಶುಲ್ಕ ಕಟ್ಟಲಾಗದವರ ತುಂಡುಗಳು ಒಂದೊಂದಾಗಿ ಕೈಬಿಡುತ್ತವೆ. ಪಾದ್ರಿ ತಂದು ಹರಡುವ ನಕ್ಷೆಯಲ್ಲಿ ಯಾರ ನೆಲ ಉಳಿದಿದೆ, ಯಾರದು ಹೋಗಿದೆ ಎಂಬುದು ಬಣ್ಣಗಳಾಗಿ ಕಾಣುತ್ತದೆ. ಕಡೆಗೆ ಫ್ಲೂರಳ ಕೆರೆದಂಡೆಯೂ ಮರದ ಕಂಪನಿಯ ಪಾಲಾಗುತ್ತದೆ.

ನಮ್ಮ ‘ಕೆರೆಗೆ ಹಾರ’ ಓದಿದವರಿಗೆ ಇಲ್ಲೊಂದು ವಿಚಿತ್ರವಾದ ತಿರುವು ಕಾಣುತ್ತದೆ. ನೀರು ಬರಲೆಂದು ಊರು ಸೊಸೆಯನ್ನು ಕೆರೆಗೆ ಕೊಡುವ ಕತೆ ನಮ್ಮದು. ಎರ್ಡ್ರಿಕ್ ಅವರ ಕೆರೆ ಹೆಣ್ಣನ್ನು ಮರಳಿಸಿ ಗಂಡಸರನ್ನು ಕೇಳುತ್ತದೆ. ನಮ್ಮಲ್ಲಿ ಕೆರೆ ಗೌಡನ ಆಸ್ತಿ, ಭಾಗೀರಥಿ ಅದಕ್ಕೆ ಕೊಟ್ಟ ಬೆಲೆ. ಅಲ್ಲಿ ಕೆರೆ ಯಾರ ಆಸ್ತಿಯೂ ಅಲ್ಲ, ಬೆಲೆಯನ್ನು ಅದೇ ಗೊತ್ತುಮಾಡುತ್ತದೆ. ಮೂರು ಪುಸ್ತಕಗಳಲ್ಲಿ ಕೆರೆ ತಾನಾಗಿ ಏನನ್ನಾದರೂ ಮಾಡುವುದು ಇದೊಂದರಲ್ಲೇ. ಸಾಹಿತ್ಯವಾಗಿ ಮೂರರಲ್ಲಿ ಅತ್ಯಂತ ಗಟ್ಟಿಯಾದದ್ದು ‘ಟ್ರ್ಯಾಕ್ಸ್’ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಈಗ ಪುಸ್ತಕಗಳಿಂದ ಹೊರಗೆ, ಲಾರಾಳ ಊರಿಗೇ ಮರಳೋಣ. ಡಿ ಸ್ಮೆಟ್‌ನ ಹತ್ತಿರ ಹೆನ್ರಿ ಮತ್ತು ಥಾಂಪ್ಸನ್ ಎಂಬ ಜೋಡಿ ಕೆರೆಗಳಿವೆ. 1943ರ ‘ದೀಸ್ ಹ್ಯಾಪಿ ಗೋಲ್ಡನ್ ಇಯರ್ಸ್’ ಕಾದಂಬರಿಯಲ್ಲಿ ಲಾರಾ ಮತ್ತು ಆಲ್ಮಾಂಜೊ ಬಗ್ಗಿ ಹೂಡಿಕೊಂಡು ಈ ಕೆರೆಗಳ ನಡುವಿನ ದಾರಿಯಲ್ಲಿ ಹೋಗುತ್ತಾರೆ. 1930ರ ದಶಕದ ಬರದಲ್ಲಿ ಥಾಂಪ್ಸನ್ ಒಣಗಿತ್ತು. ಆಮೇಲೆ ಬಹುಕಾಲ ಅದು ಜೊಂಡು ಬೆಳೆದ ಜೌಗು. 1980ರ ದಶಕದ ನಡುವಿನಲ್ಲಿ ಮಳೆ ಹಿಮ ಹೆಚ್ಚಾಗಿ ಜೌಗು ಉಬ್ಬಿ ರಾಜ್ಯದ ಅತಿ ದೊಡ್ಡ ನೈಸರ್ಗಿಕ ಕೆರೆಗಳಲ್ಲಿ ಒಂದಾಯಿತು. ಸುತ್ತಲಿನ ಹೊಲ, ಬೇಲಿ, ರಸ್ತೆಗಳು ನೀರಿನಡಿ ಹೋದವು. ಆಳ ಬಂದಾಗ ಮೀನು ಬಂತು. ಇಂದು ಜನ ಅಲ್ಲಿಗೆ ಹೋಗುವುದು ವಾಲೈ ಮತ್ತು ಪರ್ಚ್ ಹಿಡಿಯಲು. ವಾಲೈ ಸೌತ್ ಡಕೋಟಾದ ರಾಜ್ಯ ಮೀನು. ಅದರ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಪದರವಿದೆ. ಹೀಗಾಗಿ ಮುಸ್ಸಂಜೆಯಲ್ಲೂ ಕಲಕಿದ ನೀರಿನಲ್ಲೂ ಅದಕ್ಕೆ ಬೇಟೆ ಕಾಣುತ್ತದೆ. ಗಾಳಿ ಎದ್ದು ಅಲೆಗಳು ದಂಡೆಯ ಮಣ್ಣು ಕದಡಿದಾಗ ಮೀನುಗಾರರು ಖುಷಿಪಡುವುದು ಅದಕ್ಕೇ.

ಹೊಸದಾಗಿ ಮುಳುಗಿದ ನೆಲದಲ್ಲಿ ಮೀನು ಬೇಗ ಬೆಳೆಯುತ್ತದೆ ಎಂಬುದು ಎಲ್ಲೆಡೆ ಕಂಡಿರುವ ಸಂಗತಿ. ಮುಳುಗಿದ ಹುಲ್ಲು ಬೇರು ಕೊಳೆತು ನೀರಿಗೆ ಸಾರ ಬಿಡುತ್ತವೆ, ಸಣ್ಣ ಸಿಗಡಿ ಹುಳುಗಳು ಹೆಚ್ಚುತ್ತವೆ, ಮುಳುಗಿದ ಮರ ಪೊದೆಗಳು ಮರಿಗಳಿಗೆ ಅಡಗುತಾಣವಾಗುತ್ತವೆ. ಅಂದರೆ ಈ ಕೆರೆಗಳ ಕೊಬ್ಬಿದ ಮೀನು ತಿಂದಿರುವುದು ಯಾರದೋ ಹೊಲವನ್ನು. ನಾರ್ತ್ ಡಕೋಟಾದ ಡೆವಿಲ್ಸ್ ಲೇಕ್ ಇದಕ್ಕೆ ದೊಡ್ಡ ಉದಾಹರಣೆ. ಹೊರಗೆ ಸುಲಭದ ದಾರಿಯಿಲ್ಲದ ಆ ಕೆರೆ 1993ರಿಂದ 2011ರವರೆಗೆ ಸುಮಾರು ಮೂವತ್ತು ಅಡಿ ಏರಿತು. ನೂರಾರು ಮನೆಗಳನ್ನು ಕಿತ್ತು ಸಾಗಿಸಬೇಕಾಯಿತು, ಹೆದ್ದಾರಿಗಳನ್ನು ಮತ್ತೆ ಮತ್ತೆ ಎತ್ತರಿಸಬೇಕಾಯಿತು. ಅದೇ ವರ್ಷಗಳಲ್ಲಿ ಅದು ದೇಶದ ಹೆಸರಾಂತ ಮೀನುಗಾರಿಕೆಯ ತಾಣವೂ ಆಯಿತು. ಆ ಕೆರೆಯ ಹೆಸರೇ ಒಂದು ಕೆಟ್ಟ ಅನುವಾದ. ಡಕೋಟಾ ಭಾಷೆಯಲ್ಲಿ ಅದು ಮ್ನಿ ವಕನ್, ಪವಿತ್ರವಾದ ನೀರು. ಬಂದವರ ಕಿವಿಗೆ ದೈವವು ದೆವ್ವವಾಗಿ ಕೇಳಿಸಿತು. ಅನುವಾದ ಎಂದರೆ ಏನು ಎಂದು ತರಗತಿಯಲ್ಲಿ ಚರ್ಚಿಸುವವರು ಈ ಒಂದು ಹೆಸರಿನಿಂದ ಶುರು ಮಾಡಬಹುದು.

ಸರ್ವೆಯವನು ಮತ್ತೆ ಬರುವುದು ಇಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಡಕೋಟಾವನ್ನು ಚದರಗಳಾಗಿ ಅಳೆದವರು ದೊಡ್ಡ ಕೆರೆ ಎದುರಾದಾಗ, ಸಾಮಾನ್ಯವಾಗಿ 40 ಎಕರೆಗಿಂತ ದೊಡ್ಡದಾದರೆ, ಅದರ ದಡದಗುಂಟ ನಡೆದು ಒಂದು ಅಂಕುಡೊಂಕು ಗೆರೆ ಎಳೆಯುತ್ತಿದ್ದರು. ಇದಕ್ಕೆ ಮಿಯಾಂಡರ್ ರೇಖೆ ಎಂದು ಹೆಸರು. ಗೆರೆಯ ಒಳಗಿನದು ಸಾರ್ವಜನಿಕರದು. ಆ ವರ್ಷ ಸಣ್ಣದಾಗಿದ್ದ, ಒಣಗಿದ್ದ, ಬರೇ ಜೌಗಾಗಿದ್ದ ತಗ್ಗುಗಳಿಗೆ ಗೆರೆ ಬೀಳಲಿಲ್ಲ. ಅವು ನೆಲವೆಂದೇ ದಾಖಲಾಗಿ, ನೆಲವೆಂದೇ ಜನರ ಕೈಗೆ ಹೋದವು. ನೂರು ವರ್ಷದ ಮೇಲೆ ಅವು ತುಂಬಿದಾಗ ದೋಣಿ ಹಿಡಿದವರು ಬಂದರು. ನೀರು ಎಲ್ಲರದು, ಆದ್ದರಿಂದ ಮೀನೂ ಎಲ್ಲರದು ಎಂಬುದು ಅವರ ವಾದ. ನೀರಿನಡಿಯ ನೆಲ ನಮ್ಮದು, ಮುಳುಗಿದ ಹೊಲಕ್ಕೂ ತೆರಿಗೆ ಕಟ್ಟುತ್ತಿದ್ದೇವೆ ಎಂಬುದು ರೈತರ ವಾದ.

ಸೌತ್ ಡಕೋಟಾದ ಸರ್ವೋಚ್ಚ ನ್ಯಾಯಾಲಯ ಇದನ್ನು ಎರಡು ಸಲ ನೋಡಿತು. ತಳ ಯಾರದ್ದೇ ಇರಲಿ, ನೀರನ್ನು ರಾಜ್ಯ ಸಾರ್ವಜನಿಕರ ಪರವಾಗಿ ಕಾಯುತ್ತದೆ ಎಂದು 2004ರಲ್ಲಿ ಹೇಳಿತು. ಖಾಸಗಿ ನೆಲದ ಮೇಲೆ ನಿಂತ ಆ ನೀರಿನಲ್ಲಿ ಆಟ ಮೀನುಗಾರಿಕೆಗೆ ಇಳಿಯಬಹುದೇ ಎಂಬುದನ್ನು ಶಾಸನಸಭೆಯೇ ತೀರ್ಮಾನಿಸಬೇಕು ಎಂದು 2017ರ ಮಾರ್ಚ್‌ನಲ್ಲಿ ಹೇಳಿತು. ರಾಜ್ಯದ ಇಲಾಖೆ ಇಪ್ಪತ್ತಕ್ಕೂ ಹೆಚ್ಚು ಕೆರೆಗಳಿಗೆ ಇಳಿಯುವ ದಾರಿಗಳನ್ನು ಮುಚ್ಚಿತು. ಮೀನುಗಾರರನ್ನೇ ನಂಬಿದ್ದ ಪುಟ್ಟ ಊರುಗಳ ಅಂಗಡಿ ವಸತಿಗಳಿಗೆ ಪೆಟ್ಟು ಬಿತ್ತು. ಅದೇ ಜೂನ್‌ನಲ್ಲಿ ವಿಶೇಷ ಅಧಿವೇಶನ ಕರೆದು ಒಂದು ರಾಜಿ ಕಾನೂನು ಮಾಡಿದರು. ಗೆರೆಯಿಲ್ಲದ ಕೆರೆಗಳು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತವೆ. ತನ್ನ ನೆಲದ ಮೇಲಿನ ನೀರನ್ನು ಮುಚ್ಚಬೇಕೆನ್ನುವ ರೈತ ಫಲಕ ನೆಟ್ಟೋ ತೇಲುಗುರುತು ಬಿಟ್ಟೋ ಮುಚ್ಚಬಹುದು. ಕೆಲವು ಕೆರೆಗಳನ್ನು ಹೆಸರಿಸಿ ತೆರೆದೇ ಇಟ್ಟರು. ನೀರಿನ ಮೇಲೆ ತೇಲುವ ಒಂದು ಪ್ಲಾಸ್ಟಿಕ್ ಗುಂಡು ಈಗ ಗಡಿಕಲ್ಲು.

ಈ ವಿವರಗಳನ್ನು ಒಂದು ವಿಮರ್ಶೆಯಲ್ಲಿ ಇಷ್ಟು ಉದ್ದಕ್ಕೆ ಹೇಳಲು ಕಾರಣವಿದೆ. ಅಮೆರಿಕದ ಮೀನುಗಾರಿಕೆಯ ಗದ್ಯಕ್ಕೆ ಒಂದು ಗಟ್ಟಿಯಾದ ರೂಢಿಯಿದೆ. ಒಬ್ಬ ಮನುಷ್ಯ, ಮುಂಜಾವು, ನಿಶ್ಶಬ್ದ ನೀರು, ಒಂದು ಎಳೆತ, ಆಮೇಲೆ ಒಂದು ತಿಳಿವು. ನೀರಿನ ಬಳಿ ಹೋದವನು ಸಮಾಜದಿಂದ ಬಿಡುಗಡೆಯಾದ ಎಂಬುದು ಈ ರೂಢಿಯ ನಂಬಿಕೆ. ಹುಲ್ಲುಗಾವಲಿನ ಕೆರೆಯ ಮೇಲೆ ಈ ನಂಬಿಕೆ ನಿಲ್ಲುವುದಿಲ್ಲ. ಅಲ್ಲಿ ದೋಣಿಯ ಕೆಳಗೆ ಬೇಲಿಕಂಬಗಳಿವೆ, ಬೇಲಿಯ ಕೆಳಗೆ 160 ಎಕರೆಯ ಒಂದು ಬಾಜಿ ಇದೆ, ಆ ಬಾಜಿಯ ಕೆಳಗೆ ಅದಕ್ಕೂ ಮೊದಲು ಅಲ್ಲಿದ್ದವರ ನೆಲವಿದೆ. ಏಕಾಂತ ಎಂದು ಬರೆಯುವವನು ಇಷ್ಟು ಜನರ ತಲೆಯ ಮೇಲೆ ಕೂತು ಬರೆಯುತ್ತಿದ್ದಾನೆ. ನಮ್ಮಲ್ಲಿ ಬಹಳ ಓದುಗರಿಗೆ ಗಾಳದ ಗದ್ಯ ಎಂದರೆ ಪೂರ್ಣಚಂದ್ರ ತೇಜಸ್ವಿ. ಅವರ ಬರಹಗಳಲ್ಲಿ ಗಾಳ ಹಾಕಿದವನ ಸುತ್ತ ಯಾವಾಗಲೂ ಯಾರಾದರೂ ಇರುತ್ತಾರೆ. ಸಲಹೆ ಕೊಡುವವರು, ಸುಳ್ಳು ಹೇಳುವವರು, ತಕರಾರು ತೆಗೆಯುವವರು. ಅದನ್ನು ಓದಿ ಬೆಳೆದ ಕಣ್ಣಿಗೆ ಜನರಿಲ್ಲದ ನೀರು ಸ್ವಲ್ಪ ಅನುಮಾನಾಸ್ಪದವಾಗಿಯೇ ಕಾಣುತ್ತದೆ, ಮತ್ತು ಈ ವಿಷಯದಲ್ಲಿ ಆ ಅನುಮಾನ ಸರಿ.

ಹಾಗೆ ನೋಡಿದರೆ ಮೂರೂ ಪುಸ್ತಕಗಳು ಒಂದು ಜಾಗವನ್ನು ಖಾಲಿ ಬಿಟ್ಟಿವೆ. ವೈಲ್ಡರ್ ದಡವನ್ನು ಕಂಡರು, ಮೀನು ಹಿಡಿಯುವವನನ್ನು ಕಾಣಲಿಲ್ಲ. ಕೀಲರ್ ಅವನನ್ನು ಕಂಡರು, ಅವನ ಕಾಲಡಿಯ ಗೆರೆಯನ್ನು ನಕ್ಕು ದಾಟಿದರು. ಎರ್ಡ್ರಿಕ್ ಗೆರೆಯ ಕ್ರೌರ್ಯವನ್ನು ಪೂರ್ತಿ ಕಂಡರು. ಆದರೆ ಅವರ ಕೆರೆ ಎಷ್ಟು ದೊಡ್ಡ ದೈವವೆಂದರೆ ಶನಿವಾರ ಮಧ್ಯಾಹ್ನ ಬಕೆಟ್ಟು ಹಿಡಿದು ಬರುವ ಸಾಮಾನ್ಯನಿಗೆ ಅಲ್ಲಿ ಜಾಗವಿಲ್ಲ. ನಾನು ಓದಬಯಸುವ ಕಾದಂಬರಿ ಈ ಸಾಮಾನ್ಯನದು. ತನ್ನ ಅಜ್ಜನ ಗೋಧಿಹೊಲದ ಮೇಲೆ ಮಂಜುಗಡ್ಡೆ ಕೊರೆದು ಕೂತವನು ಮತ್ತು ಇನ್ನೂರು ಮೈಲಿ ಗಾಡಿ ಓಡಿಸಿಕೊಂಡು ಬಂದು ಪಕ್ಕದಲ್ಲೇ ಕೊರೆಯುವವನು. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಕೆಳಗೆ ಈಜುವ ಮೀನಿಗೆ ಇಬ್ಬರೂ ಒಂದೇ. ಅವರಿಬ್ಬರ ನಡುವೆ ನಡೆಯಬಹುದಾದ ಮಾತು, ಅಥವಾ ನಡೆಯದ ಮಾತು, ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ.

ವಿದ್ಯಾರ್ಥಿಗಳಿಗೆ ನನ್ನದೊಂದು ಸಲಹೆ. ‘ದಡದಲ್ಲಿ’ ಎಂದು ಶುರುವಾಗುವ ವಾಕ್ಯ ಸಿಕ್ಕಾಗ, ಅದು ಯಾವ ನಾಡಿನದೇ ಆಗಲಿ, ಒಂದು ಕ್ಷಣ ನಿಂತು ಆ ದಡವನ್ನು ಯಾವ ವರ್ಷ, ಯಾರು, ಯಾವ ಸರಪಳಿಯಿಂದ ಅಳೆದರು ಎಂದು ಕೇಳಿಕೊಳ್ಳಿ. ವೈಲ್ಡರ್ ಅವರ ಪುಸ್ತಕ ಈ ಪ್ರಶ್ನೆಯಿಂದ ಸಣ್ಣದಾಗುವುದಿಲ್ಲ. ಬಸಿದುಹೋದ ಕೆರೆಯೊಂದನ್ನು ಅರವತ್ತು ವರ್ಷ ತಲೆಯೊಳಗೆ ತುಂಬಿಟ್ಟುಕೊಂಡು, ಹಕ್ಕಿ ಹಕ್ಕಿಯನ್ನೂ ಎಣಿಸಿ ಹಿಂತಿರುಗಿಸಿದ ಮುದುಕಿಯ ಕೆಲಸ ಅದರಿಂದ ಇನ್ನಷ್ಟು ದೊಡ್ಡದಾಗಿಯೇ ಕಾಣುತ್ತದೆ. ಅವರು ಬರೆಯದೆ ಬಿಟ್ಟದ್ದನ್ನು ಬರೆಯುವ ಕೆಲಸ ಮಾತ್ರ ಮುಂದಿನವರದು.